ಮೂರು ಸಲ ಬೇಡವೆಂದ ನೀರು

ಬಾಗಿಲಿಗೆ ಹದಿನೆಂಟು ಸಾವಿರ, ಬಣ್ಣಕ್ಕೆ ಒಂಬತ್ತು, ಕನ್ನಡಿಗೆ ನಾಲ್ಕು. ಕಾರು ರಿಪೇರಿಗೆ ಒಟ್ಟು ಮೂವತ್ತೊಂದು ಸಾವಿರ. ಹೊಲಿಗೆಯವಳಿಗೆ ಅದು ಎರಡು ತಿಂಗಳ ದುಡಿಮೆ. ಹೊಲಿದ ಬಟ್ಟೆಯನ್ನು ಅಂಗಡಿಗಳಿಗೆ ಮುಟ್ಟಿಸಲು ಅವಳಿಗಿದ್ದದ್ದು ಅದೊಂದೇ ಕಾರು.

ವಿಮಾ ಸರ್ವೇಯರ್ ಬಂದ ದಿನ ಆ ಕಾರು ಫಳಫಳ ಹೊಳೆಯುತ್ತಿತ್ತು.

“ಯಾರು ತೊಳೆದಿದ್ದು ಇದನ್ನ?” ನಜ್ಜುಗುಜ್ಜಾದ ಬಾಗಿಲ ಮುಂದೆ ಮಂಡಿಯೂರಿ ಅವನು ಕೇಳಿದ ಮೊದಲ ಮಾತೇ ಇದು!

“ನಾನೇ ಕಣಪ್ಪಾ,” ಎಂದಳು ಅವಳ ಅಮ್ಮ, ಹೆಮ್ಮೆಯಿಂದ. “ಆಫೀಸರು ಬರ್ತಾರೆ ಅಂದ್ಲು ಮಗಳು. ಗಲೀಜು ಕಾರು ತೋರಿಸೋಕಾಗುತ್ತಾ? ಪಾಲಿಶ್ ಹಾಕಿ ತಿಕ್ಕಿದೀನಿ!”

ಅವನು ಹಣೆ ಒತ್ತಿಕೊಂಡ. “ನೀಲಿ ವ್ಯಾನ್ ಗುದ್ದಿ ಓಡಿಹೋಯ್ತು ಅಂತ ಬರೆದಿದ್ದೀರಿ. ಆ ನೀಲಿ ಬಣ್ಣ ಇಲ್ಲಿ ಅಂಟಿರಬೇಕಿತ್ತು... ಗುರುತಿಲ್ಲದಿದ್ರೆ ಕಂಪನಿ ನಿಮ್ಮ ಮಾತು ನಂಬಲ್ಲ. ಕ್ಲೇಮ್ ಬಿದ್ದುಹೋಗುತ್ತೆ, ದುಡ್ಡು ಬರಲ್ಲ.”

“ಅಂದ್ರೆ ನಾನು ಸುಳ್ಳು ಹೇಳ್ತಿದೀನಾ?” ಮಗಳು ಸಿಡಿದಳು.

“ನಾನು ಹಾಗಂದ್ನಾ?”

“ನಿಮ್ಮ ಮುಖ ಹೇಳ್ತಿದೆ!”

ಅಮ್ಮ ನೀರಿನ ಲೋಟ ಚಾಚಿದಳು. “ಬೇಡಮ್ಮ,” ಎಂದವನೇ ಹೊರಟುಬಿಟ್ಟ.

ನಮ್ಮನೆ ನೀರೂ ಆಗಲ್ವಾ ಇವನಿಗೆ? ಎಷ್ಟು ಸೊಕ್ಕು!

ಎರಡು ದಿನ ಬಿಟ್ಟು ಮತ್ತೆ ಬಂದ. ಗೀರಿನ ಎತ್ತರ ಅಳೆಯಬೇಕಂತೆ. ಅವನ ಟೇಪು ಸಿಕ್ಕಿಹಾಕಿಕೊಂಡಿತು. ಅವಳು ಕೊರಳಲ್ಲಿದ್ದ ತನ್ನ ಟೇಪನ್ನೇ ಎಸೆದಳು.

“ಇದರ ಅಳತೆ ಸರಿಯಾಗಿದೆಯಾ?”

“ಇದುವರೆಗೆ ಯಾರೂ ಬಿಗಿ ಅಂದಿಲ್ಲ. ನಿಮ್ಮ ಅಂಗಿ ತೋಳೇ ಒಂದಿಂಚು ಉದ್ದ ಇದೆ, ನೋಡಿಕೊಳ್ಳಿ.”

ಅವನು ತೋಳು ನೋಡಿಕೊಂಡು ನಕ್ಕುಬಿಟ್ಟ. ಅವಳಿಗೂ ನಗು ಬಂತು... ತುಟಿ ಕಚ್ಚಿ ತಡೆದಳು. ಆದರೆ ಆವತ್ತೂ ನೀರು ಬೇಡವೆಂದ!

ಮೂರನೆಯ ಸಲ ಬಂದವನು ಕೇಳಿದ್ದೇ ವಿಚಿತ್ರ. “ಅಮ್ಮಾ, ಕಾರು ತಿಕ್ಕಿದ ಬಟ್ಟೆ ಎಲ್ಲಿ?”

ಹೊಲಿಯುವವರ ಮನೆಯಲ್ಲಿ ಚಿಂದಿಯನ್ನೂ ಬಿಸಾಡುವುದಿಲ್ಲ. ಮೆಷಿನ್ ಎಣ್ಣೆ ಒರೆಸಲೆಂದು ಅಮ್ಮ ಅದನ್ನು ತುಂಡುಗಳ ಚೀಲಕ್ಕೆ ಸೇರಿಸಿದ್ದಳು. ಬಿಳಿ ಬಟ್ಟೆಯ ಮೇಲೆ ಗಾಢ ನೀಲಿಯ ಬರೆ!

ಅವನು ಅದನ್ನು ಒಡವೆಯಂತೆ ಮಡಚಿ ಕವರಿಗೆ ಹಾಕಿಕೊಂಡ. “ಗೀರು ವ್ಯಾನಿನ ಬಂಪರ್ ಎತ್ತರಕ್ಕೇ ಇದೆ. ಬಣ್ಣವೂ ಸಿಕ್ತು. ನಿಮ್ಮ ಮಾತು ನಿಜ ಅಂತ ನನಗೆ ಮೊದಲೇ ಗೊತ್ತಿತ್ತು. ಕಾಗದಕ್ಕೆ ಗೊತ್ತಿರಲಿಲ್ಲ ಅಷ್ಟೆ.”

ಅವಳು ತುಂಡುಗಳ ಚೀಲವನ್ನು ಮತ್ತೆ ಕಟ್ಟಿಟ್ಟಳು. ನನಗೋಸ್ಕರ ಇಷ್ಟು ಹುಡುಕಿದನಾ?

ತಾನೇ ಒಳಗೆ ಹೋಗಿ ನೀರು ತಂದಳು. ಅವನು ಲೋಟವನ್ನೇ ನೋಡಿದ... ತಲೆ ಅಲ್ಲಾಡಿಸಿ ಹೊರಟುಹೋದ. ಅಂದು ಅವಳಿಗೆ ಬಂದದ್ದು ಕೋಪವಲ್ಲ, ಅಳು.

ಕ್ಲೇಮ್ ಪಾಸಾಯಿತು, ಕಾರು ರಿಪೇರಿಯಾಗಿ ಮನೆಗೂ ಬಂತು. ಮರುದಿನ ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಫೈಲಿಲ್ಲ, ಬ್ಯಾಗಿಲ್ಲ.

“ಇನ್ನೇನು ಬಾಕಿ ಇದೆ?”

“ಒಂದು ಲೋಟ ನೀರು.”

ಅವಳು ಬೆರಗಾಗಿ ನೋಡಿದಳು.

“ಫೈಲ್ ತೆರೆದಿರುವಾಗ ಕ್ಲೇಮ್ ಹಾಕಿದವರ ಮನೇಲಿ ಏನೂ ಮುಟ್ಟಬಾರದು. ಅದು ನಾನು ಪಾಲಿಸೋ ನಿಯಮ. ನಿನ್ನೆ ನಿಮ್ಮ ಫೈಲ್ ಮುಚ್ಚಿದೆ.” ಅವನ ಕಿವಿ ಕೆಂಪಾಯಿತು. “ಮೂರನೇ ಸಲ ಬರಬೇಕಾಗೇ ಇರಲಿಲ್ಲ... ಬಟ್ಟೆ ವಿಷಯ ಫೋನಲ್ಲೇ ಕೇಳಬಹುದಿತ್ತು.”

“ಮತ್ತೆ ಯಾಕೆ ಬಂದ್ರಿ?”

“ನಿಮ್ಮನ್ನ ನೋಡೋಕೆ. ದಿನಾ ನೋಡಬೇಕು ಅನ್ಸುತ್ತೆ.”

ಅವಳು ನೀರು ತಂದುಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದ.

“ಅಂಗಿ ಬಿಚ್ಚಿಕೊಡಿ, ತೋಳು ಸರಿಮಾಡ್ತೀನಿ.”

“ಈಗಲೇನಾ?”

“ಹಾಗಾದ್ರೆ ನಾಳೆ ತನ್ನಿ. ನಾಳಿದ್ದು ವಾಪಸ್ ತಗೊಳ್ಳೋಕೆ ಬನ್ನಿ. ಎರಡು ದಿನ ಆಯ್ತಲ್ಲ?”

ವಿಮೆಯಿಂದ ಬಂದದ್ದು ಇಪ್ಪತ್ತಾರು ಸಾವಿರ. ಕೈಯಿಂದ ಹೋದದ್ದು ಐದು ಸಾವಿರ, ಒಂದು ಒರೆಸುವ ಬಟ್ಟೆ. ಸಿಕ್ಕಿದ್ದು, ಅವಳ ಮಾತನ್ನು ಮೊದಲ ದಿನವೇ ನಂಬಿದ ಗಂಡಸು.