ಹತ್ತೊಂಬತ್ತು ಒಂದುಗಳು

“ಒಂದು ಎಲ್ಲಿ?”

ನಮಸ್ಕಾರ ಇಲ್ಲ, ಏನಿಲ್ಲ. ಬೋರ್ಡನ್ನು ಕೌಂಟರಿನ ಮೇಲೆ ಇಟ್ಟವಳೇ ಹೀಗೆ ಕೇಳಿದಳು. ಮದ್ದೂರು ಬಸ್ ಸ್ಟ್ಯಾಂಡ್ ಎದುರು ಎಂಟು ವರ್ಷದಿಂದ ನಂಬರ್ ಪ್ಲೇಟು, ಸ್ಟಿಕ್ಕರು ಮಾಡುತ್ತಿದ್ದೇನೆ. ಕೆಂಪರಾಜು ಅಂದರೆ ಸುತ್ತಮುತ್ತ ಎಲ್ಲರಿಗೂ ಗೊತ್ತು. ನನ್ನ ಕೆಲಸದಲ್ಲಿ ಯಾರೂ ಹೀಗೆ ತಪ್ಪು ಹುಡುಕಿದ್ದಿಲ್ಲ.

“ಯಾವ ಒಂದು ಮೇಡಂ? ಅದ್ರಲ್ಲಿ ಇರೋದೆಲ್ಲಾ ಬರೀ ಒಂದೇ ಅಲ್ವಾ?”

“ಹತ್ತೊಂಬತ್ತು ಒಂದು ಅಂಟಿಸಿ ಅಂತ ಚೀಟಿ ಕೊಟ್ಟು ಹೋಗಿದ್ದೆ. ಇಲ್ಲಿ ಹದಿನೆಂಟೇ ಇದೆ.”

“ಓ, ಅದಾ! ನಾನೇ ಒಂದು ತೆಗ್ದೆ. ಹತ್ತೊಂಬತ್ತು ಸಮನಾಗಿ ಸಾಲಿಗೆ ಕೂರಕಿಲ್ಲ. ಹದಿನೆಂಟಾದ್ರೆ ಮೇಲೊಂಬತ್ತು, ಕೆಳಗೊಂಬತ್ತು, ನೀಟಾಗಿ ಬತ್ತದೆ. ಒಂದು ಎಂಟು ಕೂಡುದ್ರೂ ಒಂಬತ್ತು. ಲಕ್ಕಿ!”

ನನ್ನ ಗಿರಾಕಿಗಳೆಲ್ಲ ಕೂಡಿದರೆ ಒಂಬತ್ತು ಬರುವ ನಂಬರಿಗೆ ಪ್ರಾಣ ಬಿಡುವವರು. ಕೇಳದೆಯೇ ಉಪಕಾರ ಮಾಡಿದ್ದೇನೆ ಅಂತ ನಾನು ಬೀಗುತ್ತಿದ್ದೆ.

ಅವಳ ಕಣ್ಣು ಅಗಲವಾಯಿತು. ಬೈಯಲು ಬಾಯಿ ತೆರೆದವಳು ನಗು ತಡೆಯಲಾಗದೆ ತುಟಿ ಕಚ್ಚಿ ಗೋಡೆ ಕಡೆ ತಿರುಗಿದಳು. ಸುಳ್ಳು ಯಾಕೆ ಹೇಳಲಿ, ನಾನು ಅಲ್ಲೇ ಬಿದ್ದುಹೋದೆ.

“ಅಂಕಿ ಕೂಡಿದ್ರೆ ಒಂಬತ್ತು ಬಂತು ಅಂದ್ರೆ ಅದು ಒಂಬತ್ತರಿಂದ ಭಾಗ ಹೋಗುತ್ತೆ ಕಣ್ರೀ! ನಿಮ್ಮ ಲಕ್ಕು ನನ್ನ ಸಂಖ್ಯೇನೇ ಕೆಡಿಸಿಬಿಡ್ತು.”

ಹೆಸರು ಶಶಿರೇಖಾ. ಊರು ಮಳವಳ್ಳಿ. ಮದ್ದೂರಿನ ಕಾಲೇಜೊಂದರಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಜನವರಿಗೆ ಪಿಎಚ್‌.ಡಿ. ಮಾಡಲು ಮೈಸೂರಿಗೆ ಹೋಗುವವಳು. ಬೋರ್ಡು ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆಯುವ ಗಣಿತ ದಿನಕ್ಕೆ. ಬಿಟ್ಟಿದ್ದ ಒಂದನ್ನು ಅಂಟಿಸಿ ಹತ್ತೊಂಬತ್ತು ಮಾಡಿಕೊಟ್ಟೆ.

“ಹನ್ನೊಂದು ಸಾವಿರ ಕೋಟಿ ಕೋಟಿಗಿಂತ ದೊಡ್ಡದು ಇದು,” ಅಂದಳು. “ಒಂದು, ಆಮೇಲೆ ಈ ಸಂಖ್ಯೆ, ಇವೆರಡು ಬಿಟ್ಟು ಬೇರೆ ಯಾವುದರಿಂದಾದ್ರೂ ಶೇಷ ಇಲ್ಲದ ಹಾಗೆ ಭಾಗಿಸಿ ತೋರಿಸಿ. ನಾನು ಮೈಸೂರಿಗೆ ಹೋಗೋವರೆಗೆ ಟೈಮು. ಗೆದ್ರೆ ನೀವು ಕೇಳಿದ್ದು ಕೊಡ್ತೀನಿ.”

“ಕೇಳಿದ್ದು ಅಂದ್ರೆ?”

“ಕೇಳಿದ್ದು ಅಂದ್ರೆ ಕೇಳಿದ್ದು.”

ಪಿಯುಸಿಯಲ್ಲಿ ಗಣಿತಕ್ಕೆ ಎರಡು ಸಲ ಡುಮ್ಕಿ ಹೊಡೆದವನು ನಾನು. ಅವತ್ತೇ ಸ್ಟಿಕ್ಕರಿನ ಹಿಂದಿನ ಹಾಳೆ ಹರಡಿಕೊಂಡು ಭಾಗಾಕಾರಕ್ಕೆ ಕೂತೆ. ಗೆದ್ದರೆ ಏನು ಕೇಳಬೇಕು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಸಂಜೆ ಐದೂವರೆಗೆ ಅವಳ ಮಳವಳ್ಳಿ ಬಸ್ಸು. ಹತ್ತು ನಿಮಿಷ ಮೊದಲೇ ಹೋಗಿ ವರದಿ ಒಪ್ಪಿಸುತ್ತಿದ್ದೆ.

“ಏಳರಿಂದ?”

“ಒಂದು ಮಿಕ್ತು.”

“ಹದಿಮೂರರಿಂದ?”

“ಅದಕ್ಕೂ ಒಂದೇ. ಮೂರಕ್ಕೂ ಒಂದು, ಹನ್ನೊಂದಕ್ಕೂ ಒಂದು. ಏನ್ ಮೇಡಂ ಇದು, ದೆವ್ವ ಹಿಡಿದಂಗೆ?”

“ಯಾಕೆ ಅಂತ ನೀವೇ ಹೇಳಿ,” ಅಂದು ದುಪಟ್ಟಾ ಸರಿಮಾಡಿಕೊಂಡು ಬಸ್ಸು ಹತ್ತಿದಳು. ಕಿಟಕಿಯಿಂದ ಒಮ್ಮೆ ತಿರುಗಿ ನೋಡಿದಳು. ಆ ನೋಟದಲ್ಲಿ ಪರೀಕ್ಷೆ ಎಷ್ಟು, ಪ್ರೀತಿ ಎಷ್ಟು ಅಂತ ಲೆಕ್ಕ ಹಾಕುತ್ತಾ ಮನೆಗೆ ಹೋದೆ.

ಮೂರು ದಿನಕ್ಕೆ ಹೊಳೆಯಿತು. ನಾನು ಹಾಳುಮಾಡಿದ್ದ ಹದಿನೆಂಟು ಒಂದುಗಳಿದ್ದವಲ್ಲ, ಅವನ್ನು ಈ ಮೂರು, ಏಳು, ಹನ್ನೊಂದು, ಹದಿಮೂರು ಎಲ್ಲವೂ ಸರಾಗವಾಗಿ ಭಾಗಿಸುತ್ತಿದ್ದವು. ಅದರ ಪಕ್ಕ ಇನ್ನೊಂದು ಒಂದು ಬರೆದರೆ ಅದೇ ಮಿಗುತ್ತಿತ್ತು. ಹೇಳಿದಾಗ ಅವಳು ತುಂಬಿದ ಬಸ್ ಸ್ಟ್ಯಾಂಡಿನಲ್ಲಿ ಚಪ್ಪಾಳೆ ತಟ್ಟಿದಳು. ಗಣಿತಕ್ಕೆ ನನಗೆ ಸಿಕ್ಕ ಮೊದಲ ಚಪ್ಪಾಳೆ. ಹದಿನೇಳರಿಂದ ಭಾಗಿಸಿದಾಗ ಒಂಬತ್ತು ಮಿಕ್ಕ ದಿನವಂತೂ ಅಂಗಡಿ ತೆರೆದಿಟ್ಟೇ ಓಡಿದ್ದೆ.

“ಏನ್ಲಾ, ಕೆಲಸ ಬುಟ್ಟು ದಿನಾ ಲೆಕ್ಕ ಮಾಡ್ತಾ ಕುಂತಿದ್ದೀಯ?” ಅಂತ ನಮ್ಮಮ್ಮ ಸಣ್ಣತಾಯಮ್ಮ ಗದರಿದಳು. “ಆ ಮಳವಳ್ಳಿ ಎಣ್ಣು ಏನಾರ ಮಾಟ ಮಾಡುದ್ಲಾ?”

“ಊಂ ಕಣವ್ವ.”

ಗಣಿತ ದಿನದ ಮಾರನೆಯ ದಿನ ನಿವೃತ್ತ ಗಣಿತ ಮೇಷ್ಟ್ರು ಮಹದೇವಯ್ಯ ಸ್ಕೂಟರಿಗೆ ಸ್ಟಿಕ್ಕರ್ ಹಾಕಿಸಲು ಬಂದರು. ನನ್ನ ಹಾಳೆ ನೋಡಿ ಬಿದ್ದು ಬಿದ್ದು ನಕ್ಕರು.

“ಅಯ್ಯೋ ಕೆಂಪರಾಜು, ಇದು ಅವಿಭಾಜ್ಯ ಸಂಖ್ಯೆ ಕಣಯ್ಯ! ಯಾವುದ್ರಿಂದಲೂ ಭಾಗ ಹೋಗಕಿಲ್ಲ. ನೂರು ವರ್ಸದ ಹಿಂದೇನೇ ಸಾಧಿಸಿಬುಟ್ಟವ್ರೆ. ನಿನ್ನೆ ಮಂಡ್ಯದಲ್ಲಿ ಆ ಶಶಿರೇಖಾ ಮೇಡಮ್ಮೇ ಎಲ್ರಿಗೂ ಹೇಳುದ್ರಲ್ಲ.”

ಎಲ್ಲರಿಗೂ. ನನ್ನೊಬ್ಬನನ್ನು ಬಿಟ್ಟು. ಮೈಯೆಲ್ಲ ಉರಿದುಹೋಯಿತು. ಫೇಲಾದವನನ್ನು ಆಟ ಆಡಿಸಿದಳು ಅನ್ನಿಸಿ ಅಳುವೇ ಬಂತು. ಹಾಳೆಗಳನ್ನೆಲ್ಲ ಹರಿದೆಸೆದೆ. ಒಂದು ವಾರ ಬಸ್ ಸ್ಟ್ಯಾಂಡ್ ಕಡೆ ತಲೆಯೆತ್ತಿ ನೋಡಲಿಲ್ಲ.

ಕಾಲೇಜಿನ ಕೊನೆಯ ದಿನ ಅವಳೇ ಅಂಗಡಿಗೆ ಬಂದಳು. ಮುಖ ಬಾಡಿತ್ತು.

“ಭಾಗಾಕಾರ ನಿಲ್ಲಿಸಿಬಿಟ್ರಾ?”

“ಗೆಲ್ಲೋಕೇ ಆಗ್ದಿರೋ ಪಂದ್ಯಕ್ಕೆ ಇಳಿಸಿ ಮಜಾ ತಗೊಂಡ್ರಲ್ಲ ಮೇಡಂ. ದಡ್ಡ ಅಂತ ತಾನೆ?”

“ಭಾಗ ಹೋಗೋ ಸಂಖ್ಯೆ ಕೊಟ್ಟಿದ್ರೆ ಎರಡೇ ದಿನಕ್ಕೆ ಮುಗಿಸಿಬಿಡ್ತಿದ್ರಿ. ಆಮೇಲೆ ಯಾವ ನೆಪಕ್ಕೆ ಬರ್ತಿದ್ರಿ, ಹೇಳಿ?”

ನಾನು ಕೈಲಿದ್ದ ಕತ್ತರಿ ಕೆಳಗಿಟ್ಟೆ.

“ಮುಚ್ಚಿಟ್ಟಿದ್ದು ತಪ್ಪು,” ಅಂದಳು ಮೆಲ್ಲಗೆ. “ಈ ವಾರ ನಿಮ್ಮನ್ನ ನೋಡದೆ ನನಗೆ ಪಾಠ ಮಾಡೋಕೂ ಆಗಲಿಲ್ಲ. ಗೆದ್ದಿದ್ರೆ ಏನು ಕೇಳ್ತಿದ್ರಿ?”

“ಗೆದ್ದಿಲ್ವಲ್ಲ.”

“ಸೋತೇ ಕೇಳಿ.”

ಅಂಗಡಿ ಗುಡಿಸಲು ಬಂದಿದ್ದ ಅಮ್ಮ ಒಳಗೆ ಪೊರಕೆ ನಿಲ್ಲಿಸಿದ್ದು ಗೊತ್ತಾಯಿತು. ಏನಾದರಾಗಲಿ ಅಂತ ಕೇಳಿಯೇಬಿಟ್ಟೆ. “ನನ್ನ ಮದ್ವೆ ಆಗ್ತೀರಾ?”

“ಊಂ.”

“ಇಷ್ಟು ಬೇಗ ಒಪ್ಪಿಬುಟ್ರಾ?”

“ಬೇಗ ಅಂತೆ ಬೇಗ!” ಅವಳ ಲೆಕ್ಚರರ್ ಕನ್ನಡ ಹಾರಿಹೋಗಿ ಮಳವಳ್ಳಿ ಹೊರಬಂತು. “ಒಂದೂವರೆ ತಿಂಗ್ಳಿಂದ ದಿನಾ ಬಸ್‌ ಸ್ಟ್ಯಾಂಡಲ್ಲಿ ನಿಂತ್ಕಂಡು ಒಂದು ಮಿಕ್ತು, ಒಂಬತ್ತು ಮಿಕ್ತು ಅಂತ ಸುಮ್ಕೆ ಕೇಳಿಸ್ಕತಾವ್ನಿ ಅಂದ್ಕೊಂಡ್ರಾ? ಈ ಮಾತು ಯಾವಾಗ ಬತ್ತದೆ ಅಂತ ಕಾಯ್ತಿದ್ದೆ ಕಣ್ರೀ!”