ಐದನೆಯ ಕತ್ತರಿ

ಟೈಲರ್ ಮಾಸ್ಟರ್ ಮಗಳು ನನ್ನ ಜೊತೆ ಆಡಿದ ಮೊದಲ ಮಾತೇ ಬೈಗುಳ. ಅದಕ್ಕೆ ನಾನು ಪೂರ್ತಿ ಯೋಗ್ಯನಾಗಿದ್ದೆ ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನದು ಸಾಣೆ ಹಿಡಿಯುವ ಕೆಲಸ. ಬೀದಿಯ ತುದಿಯಲ್ಲಿ ಒಂದು ಪುಟ್ಟ ಕೋಣೆ, ಮೋಟಾರಿಗೆ ಜೋಡಿಸಿದ ಎರಡು ಕಲ್ಲು, ನೀರಿನ ಡಬ್ಬ, ಬಂದವರಿಗೆ ಕೂರಲು ಒಂದು ಸ್ಟೂಲು. ಬೀದಿಯವರೆಲ್ಲ ನನ್ನನ್ನು ‘ಸಾಣೆ’ ಎಂದೇ ಕರೆಯುತ್ತಾರೆ. ಅಮ್ಮ ಮಾತ್ರ ನೆಂಟರ ಹತ್ತಿರ, "ಅವನು ಮಷೀನ್ ಲೈನಿನಲ್ಲಿದಾನೆ" ಎನ್ನುತ್ತಾಳೆ.

ನಾಲ್ಕು ಅಂಗಡಿ ಆಚೆ ಕೋಟು ಹೊಲಿಯುವ ಮಾಸ್ಟರ್ ಇದ್ದಾರೆ. ಅವರಲ್ಲಿಂದ ತಿಂಗಳಿಗೊಮ್ಮೆ ಐದು ಕತ್ತರಿಗಳು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಬಳಿ ಬರುತ್ತಿದ್ದವು. ಅವುಗಳಲ್ಲಿ ನಾಲ್ಕು, ಮರ್ಯಾದಸ್ಥರ ಹಾಗೆ ಸವೆದಿರುತ್ತಿದ್ದವು. ಐದನೆಯದರ ಅವಸ್ಥೆಯೇ ಬೇರೆ. ನಡುವಿನ ಸ್ಕ್ರೂ ಸಡಿಲ, ಅಲಗುಗಳು ಮುನಿಸಿಕೊಂಡವರ ಹಾಗೆ ದೂರ ದೂರ, ಸವೆತವೆಲ್ಲ ಇರಬಾರದ ಕಡೆ. ಬಲಗೈಯವರಿಗೆಂದು ಮಾಡಿದ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಹೀಗಾಗುತ್ತದೆ. ಮೂರು ತಿಂಗಳು ಸುಮ್ಮನೆ ಸರಿಮಾಡಿ ಕೊಟ್ಟೆ. ನಾಲ್ಕನೆಯ ತಿಂಗಳು ಕತ್ತರಿ ಕೊಡಲು ಅವರ ಅಂಗಡಿಗೆ ಹೋದಾಗ ಬಾಯಿ ತಡೆಯಲಿಲ್ಲ.

"ಮಾಸ್ಟರ್, ನಿಮ್ಮ ಅಂಗಡೀಲಿ ಒಬ್ಬರು ಎಡಚರು ಇದಾರಲ್ಲ, ಅವರಿಗೆ ಒಂದು ಮಾತು ಹೇಳಿ. ಈ ಕತ್ತರಿ ಪ್ರಾಣ ತೆಗೀತಿದಾರೆ."

ಮಾಸ್ಟರ್ ಕನ್ನಡಕದ ಮೇಲಿಂದ ನೋಡಿದರು. "ನನ್ನ ಅಂಗಡೀಲಿ ಎಡಚರು ಯಾರೂ ಇಲ್ಲ."

"ಇದಾರೆ ಮಾಸ್ಟರ್."

"ಇಲ್ಲಿ ಕತ್ತರಿ ಹಿಡಿಯೋದೇ ಮೂರು ಜನ," ಎಂದರು ಮಾಸ್ಟರ್ ಅವರ ತಂಗಿ, ಗುಂಡಿಗಳ ಡಬ್ಬ ಕೆದಕುತ್ತ. "ಅಣ್ಣ, ನಾನು, ನಮ್ಮ ಪುಟ್ಟಿ. ನಾಲ್ಕನೇದು ಯಾವುದೋ ದೆವ್ವ ಇರಬೇಕು."

ನಾನು ಇನ್ನೂ ಬುದ್ಧಿವಂತನಾಗಲು ಹೋದೆ. "ಹಾಗಾದ್ರೆ ಯಾರೋ ಕದ್ದು ಒಳಗೆ ಬಂದು ಬಟ್ಟೆ ಕತ್ತರಿಸ್ತಿದಾರೆ. ಬೀಗ ಬದಲಾಯಿಸಿ."

ಕಿಟಕಿ ಪಕ್ಕದ ಮೇಜಿನ ಹತ್ತಿರ ನಿಂತಿದ್ದ ಮಾಸ್ಟರ್ ಮಗಳು ಪುಟ್ಟಿ ಆಗ ತಲೆಯೆತ್ತಿದಳು. ಬಲಗೈಯಲ್ಲಿ ಚಾಕು ಅಲ್ಲ, ಚಾಕ್ ಇತ್ತು. ಆದರೂ ನನಗೆ ಹೆದರಿಕೆಯಾಯಿತು. ಕೆನ್ನೆಯ ಮೇಲೆ ನೀಲಿ ಚಾಕಿನ ಒಂದು ಗೆರೆ, ಅದರ ಮೇಲೆ ಎರಡು ಉರಿಯುವ ಕಣ್ಣು. ಅಷ್ಟು ಚೆಂದದ ಕೋಪವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹತ್ತು ನಿಮಿಷದಲ್ಲಿ ಆ ಕೋಪ ನನ್ನ ಕೋಣೆಯ ಬಾಗಿಲಲ್ಲಿತ್ತು.

"ನಿಮ್ಮ ಬಾಯಿಗೆ ಸಾಣೆ ಹಿಡಿದಿದ್ದು ಯಾರು?"

ನಾನು ಮೋಟಾರು ನಿಲ್ಲಿಸಿದೆ. ಅವಳ ಎಡಗೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಹೆಬ್ಬೆರಳಿನ ಬುಡದಲ್ಲಿ ದಪ್ಪಗೆ ಜಡ್ಡುಗಟ್ಟಿತ್ತು. ಕತ್ತರಿಯ ಹಿಡಿ ಒತ್ತಿ ಒತ್ತಿ ಆಗುವ ಜಡ್ಡು.

"ನೀವೇನಾ ಆ ದೆವ್ವ?" ಎಂದೆ.

ಅವಳು ನಗಲಿಲ್ಲ. ಆದರೆ ನಗು ಬರದಂತೆ ತುಟಿ ಕಚ್ಚಿಕೊಂಡದ್ದು ನನಗೆ ಕಂಡಿತು. ಸ್ಟೂಲಿನ ಮೇಲೆ ಕೂತಳು.

"ಆರು ವರ್ಷದವಳಿದ್ದಾಗ ಅಪ್ಪ ನನ್ನ ಫ್ರಾಕಿನ ಎಡತೋಳಿನ ತುದೀನ ಅದರ ಜೇಬಿಗೆ ಸೇರಿಸಿ ಹೊಲಿದುಬಿಡ್ತಿದ್ರು. ಕೈ ಒಳಗೇ ಇರಲಿ ಅಂತ. ಎಷ್ಟು ಸಣ್ಣ ಹೊಲಿಗೆ ಗೊತ್ತಾ? ಹೊರಗಿಂದ ಒಂದು ಎಳೆಯೂ ಕಾಣ್ತಿರಲಿಲ್ಲ."

ಅದನ್ನು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆ ಇತ್ತು. ಮರುಕಪಡಬೇಕೋ ಮೆಚ್ಚಬೇಕೋ ನನಗೆ ತಿಳಿಯಲಿಲ್ಲ.

"ಅವರು ಕೆಟ್ಟವರಲ್ಲ," ಎಂದಳು. "ಎಡಗೈಯಲ್ಲಿ ಕತ್ತರಿಸೋರನ್ನ ನೋಡಿದ್ರೆ ಗಿರಾಕಿ ಬಟ್ಟೆ ಸುತ್ಕೊಂಡು ಹೋಗ್ತಾರೆ ಅಂತ ಅವರ ಭಯ. ನಮ್ಮ ಅಂಗಡೀಲಿ ಗಿರಾಕಿ ಎದುರಿಗೇ ಬಟ್ಟೆಗೆ ಕತ್ತರಿ ಹಾಕೋದು. ಅಪ್ಪನ ನಿಯಮ ಅದು."

"ಮತ್ತೆ ನೀವು?"

"ಗಿರಾಕಿ ಕಾಯೋಕಾಗದೆ ಬಿಟ್ಟುಹೋದ ಬಟ್ಟೇನ ಬೆಳಿಗ್ಗೆ ಏಳಕ್ಕೆ ಒಬ್ಬಳೇ ಬಂದು ಎಡಗೈಯಲ್ಲಿ ಕತ್ತರಿಸಿಡ್ತೀನಿ. ಅಪ್ಪ ಒಂಬತ್ತಕ್ಕೆ ಬಂದು ನೋಡಿ ಭೇಷ್ ಅಂತಾರೆ. ಆಮೇಲೆ ಯಾರಾದ್ರೂ ಎದುರು ನಿಂತ್ರೆ ಬಲಗೈ. ಬಲಗೈಯಲ್ಲಿ ನಾನು ಬಟ್ಟೆ ನೋಡಲ್ಲ, ಕೈ ನೋಡ್ತೀನಿ. ಕತ್ತರಿ ತೆವಳತ್ತೆ. ಪುಟ್ಟಿಗೆ ಜನರ ಎದುರು ಅಂಜಿಕೆ ಅಂತ ಅಪ್ಪ ಅಂದ್ಕೊಂಡಿದಾರೆ."

ಮಾಸ್ಟರ್ ಅವರ ಕಣ್ಣು ಮಂದವಾಗುತ್ತಿತ್ತು. ಮುಂದಿನ ತಿಂಗಳ ಕೊನೆಯ ಶನಿವಾರ ಹಳೆಯ ಗಿರಾಕಿ ವಕೀಲರು ಕೋಟಿನ ಬಟ್ಟೆ ತರುವವರಿದ್ದರು. ಅವರ ಎದುರು ಮಗಳ ಕೈ ಸರಾಗವಾಗಿ ಓಡಿದರೆ ಕತ್ತರಿಸುವ ಮೇಜು ಅವಳದು. ಇಲ್ಲವಾದರೆ ಹೊರಗಿನಿಂದ ಒಬ್ಬ ಮಾಸ್ಟರ್ ಬರುತ್ತಾನೆ, ಅವಳು ಕೌಂಟರಿನಲ್ಲಿ ಕೂತು ರಸೀದಿ ಬರೆಯಬೇಕು.

"ರಸೀದಿ ಬರೀತಾ ನಾನು ಬದುಕಲ್ಲ," ಎಂದಳು. ಅಳಲಿಲ್ಲ. ಅದು ಅವಳಿಗೆ ಗೊತ್ತಿದ್ದ ಸಂಗತಿ, ಅಷ್ಟೇ.

ಅವತ್ತಿನಿಂದ ಐದನೆಯ ಕತ್ತರಿ ತಿಂಗಳಿಗೊಮ್ಮೆ ಬರುವುದು ಹೋಗಿ ಎರಡು ದಿನಕ್ಕೊಮ್ಮೆ ಬರತೊಡಗಿತು. ಅವಳೇ ತರುತ್ತಿದ್ದಳು.

"ನಿನ್ನೆ ಮೊನ್ನೆ ತಾನೇ ಹಿಡಿದುಕೊಟ್ಟೆ, ಇಷ್ಟು ಬೇಗ ಮೊಂಡಾಯ್ತಾ?"

"ಕೆಲಸ ಸರಿಯಾಗಿ ಮಾಡಿದ್ರೆ ಯಾಕೆ ಮೊಂಡಾಗತ್ತೆ ಸಾಣೆಯವರೇ?"

"ನನ್ನ ಕೆಲಸಕ್ಕೆ ಹೆಸರಿಡೋರು ಈ ಬೀದೀಲಿ ನೀವೊಬ್ರೇ."

"ಉಳಿದವರು ಸಂಕೋಚದವರು."

ಹೀಗೆ. ಅವಳು ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತ ಕಿಡಿಗಳನ್ನು ನೋಡುತ್ತಿದ್ದಳು. ನಾನು ಕಿಡಿ ನೋಡುತ್ತಿದ್ದೇನೆಂಬ ನಟನೆಯಲ್ಲಿ ಅವಳನ್ನು ನೋಡುತ್ತಿದ್ದೆ. ಒಮ್ಮೆ ಬೆರಳು ಕೊಯ್ದುಕೊಂಡೆ. "ಕಣ್ಣು ಎಲ್ಲಿತ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತನ್ನ ಚೀಲದಿಂದ ಬಿಳಿ ಲೈನಿಂಗ್ ಬಟ್ಟೆಯ ಚೂರು ತೆಗೆದು ಬೆರಳಿಗೆ ಕಟ್ಟಿದಳು. ಎಡಗೈಯಲ್ಲಿ ಗಂಟು ಹಾಕಿದಳು. ಗಾಯ ಎರಡು ದಿನದಲ್ಲಿ ಮಾಯಿತು. ಕಟ್ಟನ್ನು ನಾನು ಒಂದು ವಾರ ಬಿಚ್ಚಲಿಲ್ಲ.

ಈ ನಡುವೆ ನಾನು ಗುಟ್ಟಾಗಿ ಒಂದು ಕೆಲಸ ಶುರುಮಾಡಿದ್ದೆ. ಒಳ್ಳೆಯ ಉಕ್ಕಿನ ಅಲಗು ಹುಡುಕಿ, ಕನ್ನಡಿಯಲ್ಲಿ ಕಂಡ ಹಾಗೆ ಎಲ್ಲವನ್ನೂ ತಿರುಗಿಸಿ, ಅಪ್ಪಟ ಎಡಗೈಯ ಕತ್ತರಿಯೊಂದನ್ನು ಮಾಡುತ್ತಿದ್ದೆ. ಮೂರು ವಾರ ಹಿಡಿಯಿತು. ನನ್ನ ಜೀವಮಾನದಲ್ಲಿ ಅಷ್ಟು ಪ್ರೀತಿಯಿಂದ ಇನ್ನೊಂದನ್ನು ಮಾಡಿಲ್ಲ. ಅದನ್ನು ಅವಳ ಕೈಗಿಟ್ಟಾಗ ಅವಳ ಕಣ್ಣು ತುಂಬಿತು. ನನ್ನ ಎದೆ ಉಬ್ಬಿತು.

"ಕತ್ತರಿಸಿ ನೋಡಿ," ಎಂದು ಹಳೆಯ ಪರದೆಯೊಂದನ್ನು ಹಾಸಿದೆ.

ಕತ್ತರಿ ಪರದೆಯನ್ನು ಕತ್ತರಿಸಲಿಲ್ಲ, ಅಗಿಯಿತು. ಅವಳು ಇನ್ನೊಮ್ಮೆ ಹಾಕಿದಳು. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡಿತು.

"ಹೆಬ್ಬೆರಳು ಹಾಗೆ ಒತ್ತಬೇಡಿ," ಎಂದೆ. "ಸಡಿಲ ಬಿಡಿ. ಮಣಿಕಟ್ಟು ನೆಟ್ಟಗೆ. ಮೊಣಕೈ ಒಳಗೆ ತನ್ನಿ. ಅಲ್ಲ, ಹಾಗಲ್ಲ. ಎಡಚರು ಹಾಗೆ ಹಿಡಿಯಲ್ಲ."

ಅವಳು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಅಪ್ಪನೂ ಹೀಗೇ ಪಕ್ಕದಲ್ಲಿ ನಿಂತು ಹೇಳ್ತಿದ್ರು," ಎಂದಳು. "ಇದೇ ಮಾತು. ಇಷ್ಟೇ ಪ್ರೀತಿಯಿಂದ."

ಕಪಾಳಕ್ಕೆ ಹೊಡೆದಿದ್ದರೆ ಕಡಿಮೆ ನೋಯುತ್ತಿತ್ತು. ಯಾಕೆಂದರೆ ಅವಳು ಹೇಳಿದ್ದು ನಿಜ. ಇಪ್ಪತ್ತು ವರ್ಷ ಬಲಗೈಯ ಕತ್ತರಿಯನ್ನೇ ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಒಳಕ್ಕೆಳೆದು ಅಲಗುಗಳನ್ನು ಸೇರಿಸುವ ಒಂದು ಉಪಾಯವನ್ನು ಅವಳು ಯಾರ ಸಹಾಯವೂ ಇಲ್ಲದೆ ಕಂಡುಕೊಂಡಿದ್ದಳು. ನನ್ನ ಹೊಸ ಕತ್ತರಿಯಲ್ಲಿ ಅದೇ ಎಳೆತ ಅಲಗುಗಳನ್ನು ದೂರ ಮಾಡುತ್ತಿತ್ತು. ನಾನು ಅದನ್ನು ಕೇಳಲೂ ಇಲ್ಲ, ನೋಡಲೂ ಇಲ್ಲ. ಎಡಚರು ಹೇಗಿರಬೇಕೆಂದು ನನ್ನ ತಲೆಯಲ್ಲಿದ್ದ ಲೆಕ್ಕಕ್ಕೆ ಅವಳನ್ನು ಹೊಂದಿಸಲು ಹೊರಟಿದ್ದೆ.

"ತಪ್ಪಾಯ್ತು," ಎಂದೆ. "ನಿಮಗೆ ಏನು ಬೇಕು ಹೇಳಿ."

"ಆ ಹಳೇ ಕತ್ತರೀನೇ ಬೇಕು. ನಾನು ಹೇಗೆ ಹಿಡೀತೀನೋ ಹಾಗೇ ಅದು ಕೆಲಸ ಮಾಡಬೇಕು. ಆಗತ್ತಾ?"

"ನೀವು ಕತ್ತರಿಸೋದನ್ನ ನೋಡಿದ್ರೆ ಆಗಬಹುದು."

"ಇದುವರೆಗೆ ಯಾರೂ ನೋಡಿಲ್ಲ."

"ಬೇಡ ಅಂದ್ರೆ ಬೇಡ."

ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. "ನಾಳೆ ಏಳಕ್ಕೆ ಬನ್ನಿ. ಆದ್ರೆ ಮಾತಾಡಕೂಡದು. ಒಂದಕ್ಷರ."

ಮಾರನೆಯ ದಿನ ಅಂಗಡಿಯ ಮೂಲೆಯಲ್ಲಿ, ಕೋಟು ತೊಟ್ಟ ಎರಡು ಬೊಂಬೆಗಳ ನಡುವೆ ಮೂರನೆಯ ಬೊಂಬೆಯಾಗಿ ನಿಂತೆ. ಬೆಳಗಿನ ಬೆಳಕು ಮೇಜಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಬೂದು ಬಣ್ಣದ ಬಟ್ಟೆ ಹಾಸಿ, ಅಂಗೈಯಿಂದ ಒಮ್ಮೆ ಸವರಿ, ಅವಳು ಎಡಗೈಗೆ ಕತ್ತರಿ ತೆಗೆದುಕೊಂಡಳು.

ಆಮೇಲೆ ಅಲ್ಲಿದ್ದದ್ದು ನಾನು ಅಲ್ಲಿಯವರೆಗೆ ಕಂಡ ಹುಡುಗಿಯಲ್ಲ. ಭುಜ ಇಳಿಯಿತು, ಹುಬ್ಬಿನ ಗಂಟು ಬಿಚ್ಚಿತು. ಕತ್ತರಿ ತೋಳಿನ ತಿರುವಿನಲ್ಲೂ ನಿಲ್ಲದೆ ಹೋಯಿತು. ಅವಳು ಸಣ್ಣಗೆ ಏನನ್ನೋ ಗುನುಗುತ್ತಿದ್ದಳು, ರಾಗ ಪೂರ್ತಿ ತಪ್ಪು. ನಾನು ಅವಳ ಹೆಬ್ಬೆರಳು ಎಲ್ಲಿ ಎಳೆಯುತ್ತದೆ, ಎಲ್ಲಿ ಬಿಡುತ್ತದೆ ಎಂದು ನೋಡಲು ಹೋದವನು. ನೋಡಿದೆ ಕೂಡ. ಆದರೆ ಅದರ ಜೊತೆಗೆ, ಇವಳನ್ನು ಬಿಟ್ಟಿರಲು ನನಗೆ ಆಗುವುದಿಲ್ಲ ಎಂಬುದೂ ಅಲ್ಲೇ ತಿಳಿದುಹೋಯಿತು.

ಹಳೆಯ ಕತ್ತರಿಯ ಸ್ಕ್ರೂ ಬದಲಾಯಿಸಿದೆ. ಅವಳ ಹೆಬ್ಬೆರಳು ಎಳೆಯುವ ಕಡೆಗೇ ಅಲಗಿನ ಓರೆ ಕೊಟ್ಟೆ. ನನ್ನ ಗುರುಗಳು ಅದನ್ನು ನೋಡಿದ್ದರೆ ಕಿವಿ ಹಿಂಡುತ್ತಿದ್ದರು. ಆ ಕತ್ತರಿ ಲೋಕದಲ್ಲಿ ಒಂದೇ ಒಂದು ಕೈಗೆ ಸರಿ ಹೋಗುತ್ತಿತ್ತು.

ಶನಿವಾರ ಹತ್ತು ಗಂಟೆಗೆ ಅದನ್ನು ಕೊಡುವ ನೆಪದಲ್ಲಿ ಅಂಗಡಿಯಲ್ಲಿ ನಿಂತಿದ್ದೆ. ವಕೀಲರು ಬಂದರು, ದಪ್ಪ ಮನುಷ್ಯ, ತಂದಿದ್ದ ಕಪ್ಪು ಬಟ್ಟೆಯ ಗಂಟು ಬಿಚ್ಚಿದರು. ಮಾಸ್ಟರ್ ಅದನ್ನು ಮೇಜಿನ ಮೇಲೆ ಹರಡಿ, ಹಳೆಯ ಅಳತೆಗೆ ಚಾಕಿನ ಗೆರೆಗಳನ್ನು ಎಳೆದು, ಮಗಳ ಎಡಪಕ್ಕದಲ್ಲಿ ನಿಂತರು.

"ಅಂಜಬೇಡ ಪುಟ್ಟಿ. ಬೆಳಿಗ್ಗೆ ಕತ್ತರಿಸ್ತೀಯಲ್ಲ, ಹಾಗೇ."

ಅವಳು ನನ್ನತ್ತ ನೋಡಲಿಲ್ಲ. ಅಪ್ಪನನ್ನೇ ನೋಡಿದಳು.

"ಅಪ್ಪ, ಬೆಳಿಗ್ಗೆ ನಾನು ಕತ್ತರಿಸೋದು ಎಡಗೈಯಲ್ಲಿ. ನೀವು ಭೇಷ್ ಅಂದಿದ್ದೆಲ್ಲ ಎಡಗೈಯದೇ."

"ಅಂತೂ ದೆವ್ವ ಸಿಕ್ತು," ಎಂದರು ಅವಳ ಅತ್ತೆ, ಯಾರಿಗೂ ಅಲ್ಲ ಎಂಬಂತೆ.

ಮಾಸ್ಟರ್ ಅವರ ಮುಖದಲ್ಲಿ ರಕ್ತವಿರಲಿಲ್ಲ. "ಗಿರಾಕಿ ಎದುರಿಗಿದಾರೆ," ಎಂದರು ಮೆಲ್ಲಗೆ.

"ಅದಕ್ಕೇ ಹೇಳ್ತಿದೀನಿ. ಅವರ ಬಟ್ಟೆ, ಅವರಿಗೆ ಗೊತ್ತಿರಲಿ. ಬೇಡ ಅಂದ್ರೆ ನಾನು ಕೌಂಟರಿಗೆ ಹೋಗಿ ಕೂರ್ತೀನಿ. ಆದ್ರೆ ಇನ್ನು ಬಲಗೈಯಲ್ಲಿ ಕತ್ತರಿಸಲ್ಲ, ಅಪ್ಪ. ಯಾರ ಎದುರೂ."

ರಸೀದಿ ಪುಸ್ತಕ ಕೌಂಟರಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಅವಳು ಅದನ್ನು ನೋಡಿಯೇ ಆ ಮಾತು ಆಡಿದ್ದಳು.

ವಕೀಲರು ಗಡಿಯಾರ ನೋಡಿಕೊಂಡರು. "ಹೋದ ವರ್ಷದ ನನ್ನ ಬೂದು ಕೋಟು ಕತ್ತರಿಸಿದ್ದು ಯಾರಮ್ಮ?"

"ನಾನೇ. ನಿಮಗೆ ಊಟದ ಹೊತ್ತಾಯ್ತು ಅಂತ ಹೋಗಿದ್ರಿ. ಮಾರನೇ ದಿನ ಬೆಳಿಗ್ಗೆ ಕತ್ತರಿಸಿದೆ."

"ಹಾಗಾದ್ರೆ ಇದೂ ಆಗಲಿ. ಅಷ್ಟು ಸರಿಯಾಗಿ ಮೈಗೆ ಹೊಂದಿದ್ದು ನನಗೆ ಅದೊಂದೇ."

ಅವಳು ಕತ್ತರಿ ಎತ್ತಿಕೊಂಡಳು. ಮೊದಲ ಸಲ ಕತ್ತರಿ ಹಾಕುತ್ತಲೇ ಅವಳ ಮೊಣಕೈ ಅಪ್ಪನ ಹೊಟ್ಟೆಗೆ ತಾಗಿತು. ಮಾಸ್ಟರ್ ಒಂದು ಹೆಜ್ಜೆ ಹಿಂದೆ ಸರಿದರು. ಸ್ವಲ್ಪ ಹೊತ್ತು ಎಲ್ಲಿ ನಿಲ್ಲಬೇಕೆಂದು ತಿಳಿಯದವರ ಹಾಗೆ ನಿಂತಿದ್ದರು. ನಂತರ ಮೇಜನ್ನು ಸುತ್ತಿ ಅವಳ ಬಲಕ್ಕೆ ಬಂದು ಬಟ್ಟೆಯ ಅಂಚನ್ನು ಹಿಡಿದುಕೊಂಡರು. ಅವಳ ಕೈಯ ನೆರಳು ಚಾಕಿನ ಗೆರೆಯ ಮೇಲೆ ಬೀಳುತ್ತಿತ್ತು. ಮಾಸ್ಟರ್ ನಲವತ್ತು ವರ್ಷದಿಂದ ಒಂದೇ ಕಡೆ ಇದ್ದ ದೀಪವನ್ನು ಎಳೆದು ಬಲಕ್ಕೆ ಇಟ್ಟರು.

ವಕೀಲರು ಹೋದ ಮೇಲೆ ಮಾಸ್ಟರ್ ಕತ್ತರಿಸಿದ ಅಂಚುಗಳ ಮೇಲೆ ಹೆಬ್ಬೆರಳು ಓಡಿಸಿದರು.

"ನನ್ನ ಹೊಲಿಗೆ ತಪ್ಪು ಅಂತ ಯಾರೂ ಅಂದಿದ್ದಿಲ್ಲ ಪುಟ್ಟಿ," ಎಂದರು. "ಆ ಫ್ರಾಕುಗಳದ್ದು ತಪ್ಪಾಯ್ತು."

ಅವಳು ಅಪ್ಪನ ಭುಜಕ್ಕೆ ಹಣೆ ಒತ್ತಿದಳು. ನಾನು ಮೆಲ್ಲಗೆ ಹೊರಗೆ ಬಂದೆ.

ಸಂಜೆ ಅವಳು ಬಂದಾಗ ನಾನು ಮೂರನೆಯ ಸಲ ಕೋಣೆ ಗುಡಿಸುತ್ತಿದ್ದೆ.

"ಮೇಜು ಸಿಕ್ತು," ಎಂದಳು.

"ನಾನು ನಿಮಗೆ ಒಂದು ವಿಷಯ ಹೇಳಬೇಕಿತ್ತು," ಎಂದು ಗಂಟಲು ಸರಿಮಾಡಿಕೊಂಡೆ.

"ಬಾಯಿಪಾಠ ಮಾಡಿದೀರಾ?"

"ಹೂಂ. ನಾಲ್ಕು ದಿನದಿಂದ."

"ಹಾಗಾದ್ರೆ ಅದು ಬೇಡ. ಇದ್ದದ್ದು ಹೇಳಿ."

ಪೊರಕೆ ಕೈಯಲ್ಲೇ ಇತ್ತು. "ಎಷ್ಟೋ ದಿನ ನಿಮ್ಮ ಕತ್ತರಿಗೆ ಸಾಣೆ ಬೇಕಾಗೇ ಇರಲಿಲ್ಲ. ನೀವು ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀರಲ್ಲ ಅಂತ ಸುಮ್ಮನೆ ಕಲ್ಲು ತಿರುಗಿಸ್ತಿದ್ದೆ."

"ಗೊತ್ತಿತ್ತು. ಕತ್ತರಿ ಕಲ್ಲಿಗೆ ತಾಗ್ತಾನೇ ಇರಲಿಲ್ಲ."

"ಮತ್ತೆ ಯಾಕೆ ಕೂತಿರ್ತಿದ್ರಿ?"

"ಕೂತಿರಬೇಕು ಅನ್ನಿಸ್ತಿತ್ತು."

ನನ್ನ ನಾಲ್ಕು ದಿನದ ಬಾಯಿಪಾಠ ಪೂರ್ತಿ ಮರೆತುಹೋಯಿತು. "ನಾನು ನಿಮ್ಮನ್ನ ತುಂಬಾ ಪ್ರೀತಿಸ್ತೀನಿ," ಎಂದೆ. ಅಷ್ಟೇ ಉಳಿದಿತ್ತು.

ಅವಳ ಮುಖ ಕೆಂಪಾಯಿತು. ಆದರೂ ಕಣ್ಣು ತಗ್ಗಿಸಲಿಲ್ಲ. "ನಾನೂ. ಆದ್ರೆ ಒಂದು ಮಾತು. ನನ್ನನ್ನ ಸರಿಮಾಡೋಕೆ ಬರಬೇಡಿ."

"ಕತ್ತರಿ?"

"ಕತ್ತರಿ ಸರಿಮಾಡಿ. ಅದಕ್ಕೇ ಇದೀರಿ."

ಇಬ್ಬರೂ ನಕ್ಕೆವು. ಕೋಣೆಗೆ ಬೀಗ ಹಾಕಿ ಬೀದಿಗಿಳಿದೆವು. ನಾನು ಅವಳ ಬಲಗಡೆ ನಡೆಯುತ್ತಿದ್ದೆ.

"ಈ ಕಡೆ ಬನ್ನಿ," ಎಂದಳು.

"ನಿಮ್ಮ ಅತ್ತೆ ಬಾಗಿಲಲ್ಲಿ ನಿಂತು ನೋಡ್ತಿದಾರೆ."

"ನೋಡಲಿ ಬಿಡಿ."

ನಾನು ಅವಳ ಎಡಕ್ಕೆ ಬಂದೆ. ಅಂಗಡಿಗಳೆಲ್ಲ ಇನ್ನೂ ತೆರೆದಿದ್ದವು, ಬೀದಿಯ ತುಂಬ ಜನವಿದ್ದರು. ಅವಳು ನನ್ನ ಕೈ ಹಿಡಿದುಕೊಂಡು ನಡೆದಳು.