ಹಲ್ಲಿಲ್ಲದ ಫುಸಾ-ಚಾನ್

"ಹಾಗಾದ್ರೆ ಭಾನುವಾರ ಇಬ್ಬರನ್ನೂ ಊಟಕ್ಕೆ ಕರಿ," ಎಂದಳು ಅಮ್ಮ.

ನಾಗಿಸಾ ಕುಡಿಯುತ್ತಿದ್ದ ಸೂಪು ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

"ಯಾ... ಯಾರನ್ನ?"

"ಇನ್ಯಾರನ್ನ? ನಿನ್ನ ಫುಸಾ-ಚಾನ್, ಮಿತ್ಸು-ಚಾನ್. ದಿನಾ ಅವರ ಸುದ್ದೀನೇ ಹೇಳ್ತೀಯಲ್ಲ. ಚಿಕನ್ ಕರಿ ಮಾಡ್ತೀನಿ. ತಿಂತಾರೆ ತಾನೆ?"

"ಫುಸಾ-ಚಾನ್‌ಗೆ ಗಟ್ಟಿ ಇರೋದು ಅಗಿಯಕ್ಕಾಗಲ್ಲ."

"ಯಾಕೆ, ಹಲ್ಲು ಬಿದ್ದಿದೆಯಾ?"

"ಹೂಂ. ಸುಮಾರು ಬಿದ್ದಿದೆ."

"ಅಯ್ಯೋ ಪಾಪ! ಐದನೇ ಕ್ಲಾಸಲ್ಲೂ ಬೀಳತ್ತಾ?" ಅಮ್ಮ ಜೋರಾಗಿ ನಕ್ಕಳು. ಈ ಊರಿಗೆ ಬಂದ ಮೇಲೆ ಅಮ್ಮ ಹೀಗೆ ನಕ್ಕಿದ್ದೇ ಇಲ್ಲ. ನಿಜ ಹೇಳಲು ತೆರೆದ ಬಾಯಿಗೆ ನಾಗಿಸಾ ಅನ್ನ ತುಂಬಿಕೊಂಡಳು.

ನಿಜ ಏನೆಂದರೆ, ಫುಸಾ-ಚಾನ್‌ಗೆ ಎಂಬತ್ತು ವರ್ಷ. ಮಿತ್ಸು-ಚಾನ್ ಸ್ವಲ್ಪ ಚಿಕ್ಕವರು, ಎಪ್ಪತ್ತೊಂಬತ್ತು.

ನಾಗಿಸಾ ಸುಳ್ಳೇನೂ ಹೇಳಿರಲಿಲ್ಲ. ಆ ಅಜ್ಜಿಯರು ಚಿಕ್ಕ ಹುಡುಗಿಯರ ಹಾಗೆ ಒಬ್ಬರನ್ನೊಬ್ಬರು ಹೆಸರಿಗೆ ಮುದ್ದಿನ 'ಚಾನ್' ಸೇರಿಸಿಯೇ ಕರೆಯುತ್ತಿದ್ದರು. ಇವಳೂ ಮನೆಯಲ್ಲಿ ಹಾಗೇ ಹೇಳಿದಳು. ಅಮ್ಮ ವಯಸ್ಸು ಕೇಳಲಿಲ್ಲ, ಇವಳು ಹೇಳಲಿಲ್ಲ. ಇಷ್ಟು ಒಳ್ಳೆಯ ಲಾಯರ್ ಬುದ್ಧಿ ತನಗೆ ಗಣಿತದ ಟೆಸ್ಟಿನಲ್ಲಿ ಮಾತ್ರ ಯಾಕೆ ಕೈಕೊಡುತ್ತದೋ ಎಂದು ಅವಳಿಗೆ ಆಶ್ಚರ್ಯ.

ಏಪ್ರಿಲ್‌ನಲ್ಲಿ ಹೊಸ ಶಾಲೆಗೆ ಸೇರಿದಾಗಿನಿಂದ ಅವಳಿಗೆ ಯಾರೂ ಗೆಳತಿಯರಾಗಿರಲಿಲ್ಲ. ಯಾರೂ ಕಾಟ ಕೊಡುತ್ತಿರಲಿಲ್ಲ. ಎಲ್ಲರಿಗೂ ಆಗಲೇ ಜೊತೆ ಇತ್ತು, ಅಷ್ಟೆ. ಬಿಡುವಿನಲ್ಲಿ ಒಬ್ಬಳೇ ನಿಂತಿರುವುದು ಕಾಣಬಾರದೆಂದು ನಾಗಿಸಾ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯುತ್ತಿದ್ದಳು. ಮತ್ತೆ ತೊಳೆಯುತ್ತಿದ್ದಳು. ಇಡೀ ಶಾಲೆಯಲ್ಲಿ ಅವಳಷ್ಟು ಶುಭ್ರವಾದ ಕೈ ಯಾರಿಗೂ ಇರಲಿಲ್ಲ. ಅದಕ್ಕೊಂದು ಬಹುಮಾನ ಇದ್ದಿದ್ದರೆ ಅವಳಿಗೇ ಸಿಗುತ್ತಿತ್ತು.

ಒಂದು ಸಂಜೆ ಪಾರ್ಕಿನಲ್ಲಿ ಅವಳ ಕಾಲ ಬಳಿ ಕೆಂಪು ಚೆಂಡೊಂದು ಉರುಳಿ ಬಂತು.

"ಏ ಹುಡುಗಿ, ನಿಂಗೆ ಬಗ್ಗಕ್ಕೆ ಬರುತ್ತಾ?" ದೂರದಿಂದ ಒಬ್ಬರು ಅಜ್ಜಿ ಕೂಗಿದರು. "ನಮಗೆ ಬಗ್ಗಕ್ಕೆ ಬರುತ್ತೆ, ಏಳಕ್ಕೆ ಬರಲ್ಲ. ಸ್ವಲ್ಪ ತಂದ್ಕೊಡು!"

ಅವರೇ ಫುಸಾ ಅಜ್ಜಿ. ಆಡುತ್ತಿದ್ದದ್ದು ಗೇಟ್‌ಬಾಲ್. ಮರದ ಸುತ್ತಿಗೆಯಲ್ಲಿ ಚೆಂಡು ಹೊಡೆದು, ನೆಲಕ್ಕೆ ನೆಟ್ಟ ಪುಟ್ಟ ಗೇಟಿನೊಳಗೆ ತೂರಿಸಬೇಕು. ಅವರ ತಂಡಕ್ಕೆ ಒಬ್ಬರು ಕಡಿಮೆಯಿದ್ದರು. ಅಂದಿನಿಂದ ನಾಗಿಸಾ ಆ ತಂಡದಲ್ಲಿ ಅತಿ ಚಿಕ್ಕ ಆಟಗಾರ್ತಿ, ಅತಿ ಕೆಟ್ಟ ಆಟಗಾರ್ತಿ ಕೂಡ.

ಶನಿವಾರ ಅವಳ ಆಟ ಇನ್ನೂ ಕೆಟ್ಟಿತು. ಒಂದು ಚೆಂಡು ಪೊದೆಯೊಳಗೆ ಹೋಯಿತು. ಇನ್ನೊಂದು ಮಿತ್ಸು ಅಜ್ಜಿಯ ಬೂಟಿಗೆ ಬಡಿಯಿತು.

"ನನ್ನ ಕಾಲು ಗೇಟ್ ಥರ ಡೊಂಕಾಗಿದೆ ನಿಜ," ಎಂದರು ಮಿತ್ಸು ಅಜ್ಜಿ. "ಆದ್ರೆ ಗೇಟ್ ಅಲ್ಲಿದೆ ಕಣೇ. ಏನಾಗಿದೆ ನಿಂಗೆ ಇವತ್ತು?"

ನಾಗಿಸಾ ನೆಲ ನೋಡುತ್ತಾ ಎಲ್ಲ ಹೇಳಿಬಿಟ್ಟಳು. ಕೇಳಿ ಮಿತ್ಸು ಅಜ್ಜಿ ನಗು ತಡೆಯಲಾರದೆ ಬೆಂಚಿನ ಮೇಲೆ ಕೂತರು. "ಐದನೇ ಕ್ಲಾಸಾ! ನಾನಾ!"

ಫುಸಾ ಅಜ್ಜಿ ನಗಲಿಲ್ಲ. "ನಾನೂ ಒಂದು ಹೇಳ್ತೀನಿ, ಬೈಬೇಡ," ಎಂದರು ಮೆಲ್ಲಗೆ. "ಒಬ್ಬಳೇ ಇರ್ತೀಯ, ಇಲ್ಲಿಗೆ ಬಂದ್ಬಿಡು ಅಂತ ನನ್ನ ಮಗಳು ಸೆಂದಾಯ್ ಪಟ್ಟಣದಿಂದ ದಿನಾ ಫೋನ್ ಮಾಡ್ತಾಳೆ. ದೊಡ್ಡವರನ್ನ ಕರೆಯೋ ಹಾಗೆ 'ಸಾನ್' ಸೇರಿಸಿ, ನಾಗಿಸಾ-ಸಾನ್ ಅಂತ ಒಬ್ಬರು ಹೊಸಬರು ಜೊತೆಗಿದ್ದಾರೆ ಅಂದೆ. ಮೊನ್ನೆ ಕೇಳಿದಳು, ನಾಗಿಸಾ-ಸಾನ್ ಅವರ ಮಂಡಿ ನೋವು ಹೇಗಿದೆ ಅಂತ."

"ನನಗೆ ಮಂಡಿ ನೋವೇ ಇಲ್ವಲ್ಲ!"

"ಇರಬೇಕಿತ್ತು ಕಣೇ. ನಮ್ಮ ವಯಸ್ಸಲ್ಲಿ ಇಲ್ಲ ಅಂದ್ರೆ ಯಾರು ನಂಬ್ತಾರೆ? ಮಳೆಗಾಲ ಅಲ್ವಾ, ಸ್ವಲ್ಪ ಜಾಸ್ತಿಯಾಗಿದೆ ಅಂದೆ."

ಈಗ ಮೂವರೂ ನಕ್ಕರು. ಆದರೆ ಭಾನುವಾರವೇನೂ ಮುಂದಕ್ಕೆ ಹೋಗಲಿಲ್ಲ.

ಬೆಲ್ ಆದಾಗ ಅಮ್ಮನೇ ಓಡಿ ಬಾಗಿಲು ತೆರೆದಳು. ಹೊರಗೆ ಇಬ್ಬರು ಅಜ್ಜಿಯರು. ಒಬ್ಬರ ಕೈಯಲ್ಲಿ ಉಪ್ಪಿನಕಾಯಿ ಡಬ್ಬ. ಇಬ್ಬರ ತುಟಿಗೂ ಲಿಪ್‌ಸ್ಟಿಕ್. ಅಮ್ಮ ಅವರ ಹಿಂದೆ ಇಣುಕಿದಳು.

"ಬನ್ನಿ, ಬನ್ನಿ. ಮೊಮ್ಮಕ್ಕಳು ಹಿಂದೆ ಬರ್ತಿದ್ದಾರಾ?"

"ಇಲ್ಲಮ್ಮ," ಫುಸಾ ಅಜ್ಜಿ ಸೊಂಟ ಬಗ್ಗಿಸಿ ನಮಸ್ಕರಿಸಿದರು. "ನಾನೇ ಫುಸಾ-ಚಾನ್."

ಅಮ್ಮ ಅವರನ್ನು ನೋಡಿದಳು. ನಾಗಿಸಾಳನ್ನು ನೋಡಿದಳು. ಮೇಜಿನ ಮೇಲೆ ತಾನು ಜೋಡಿಸಿಟ್ಟಿದ್ದ ಮೊಲದ ಚಿತ್ರದ ಪುಟ್ಟ ಚಮಚಗಳನ್ನೂ ನೋಡಿದಳು. "ಒಳಗೆ ಬನ್ನಿ," ಎಂದು ಹೇಳಿ ಅಡುಗೆಮನೆಗೆ ಹೋದಳು.

ನಾಗಿಸಾ ಹಿಂದೆಯೇ ಹೋದಳು. ಅಮ್ಮ ಬೆನ್ನು ತಿರುಗಿಸಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ತಿರುಗಿದಾಗ ಮುಖದಲ್ಲಿ ಎರಡೂ ಇತ್ತು.

"ಸ್ಕೂಲಲ್ಲಿ ಯಾರೂ ಇಲ್ವಾ?"

"ಇಲ್ಲ. ಇನ್ನೂ ಇಲ್ಲ."

ಅಮ್ಮ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಅಮ್ಮನ ಏಪ್ರನ್ನಿನಲ್ಲಿ ಈರುಳ್ಳಿ ವಾಸನೆ. "ಹಾಗಾದ್ರೆ ನಿನ್ನ ಫುಸಾ-ಚಾನ್‌ಗೆ ಕ್ಯಾರೆಟ್ ಇನ್ನೂ ಬೇಯಬೇಕು," ಎಂದು ಒಲೆಯ ಉರಿ ಏರಿಸಿದಳು.

ಊಟ ಗಲಾಟೆಯಲ್ಲೇ ಮುಗಿಯಿತು. ಮಿತ್ಸು ಅಜ್ಜಿ ಎರಡು ಸಲ ಬಡಿಸಿಕೊಂಡರು. ನಾಗಿಸಾಳ ಆಟವನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದರು. ಅವಳು ಅಷ್ಟು ಕೆಟ್ಟದಾಗಿ ಆಡುತ್ತಾಳೆಂದು ಅವಳಿಗೇ ಗೊತ್ತಿರಲಿಲ್ಲ.

ಹೊರಡುವಾಗ ಫುಸಾ ಅಜ್ಜಿ ಬಾಗಿಲ ಬಳಿ ಕೂತು ನಿಧಾನವಾಗಿ ಬೂಟು ಹಾಕಿಕೊಂಡರು. ಅಮ್ಮ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅಜ್ಜಿ ಅತ್ತ ಒಮ್ಮೆ ನೋಡಿ, ನಾಗಿಸಾಳ ತೋಳು ಹಿಡಿದೆಳೆದು ಪಿಸುಗುಟ್ಟಿದರು.

"ನಿಮ್ಮಮ್ಮಂಗೆ ನಾವು ಇಷ್ಟ ಆದ್ವಾ?"

ನಾಗಿಸಾ ಅವರ ಮುಖ ನೋಡಿದಳು. ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ. ತೋಳು ಹಿಡಿದಿದ್ದ ಕೈ ತಣ್ಣಗಿತ್ತು. ದೊಡ್ಡವರಾದ ಮೇಲೆ ಇಂಥ ಹೆದರಿಕೆಯೆಲ್ಲ ತಾನಾಗಿಯೇ ಹೋಗುತ್ತದೆ ಎಂದು ಅವಳು ಇಷ್ಟು ದಿನ ಕಾಯುತ್ತಿದ್ದಳು.

"ತುಂಬಾ ಇಷ್ಟ ಆದ್ರಿ," ಎಂದಳು.

"ನಿಜವಾಗ್ಲೂ?"

"ನಿಜವಾಗ್ಲೂ."

ಫುಸಾ ಅಜ್ಜಿ ಏಳಲು ಕೈ ಚಾಚಿದರು. ನಾಗಿಸಾ ಅವರನ್ನು ಎಬ್ಬಿಸಿದಳು. ಆಮೇಲೆ ತನ್ನ ಬೂಟನ್ನೂ ಮೆಟ್ಟಿಕೊಂಡು, "ಅಮ್ಮಾ, ಸಿಗ್ನಲ್‌ವರೆಗೂ ಹೋಗಿ ಬರ್ತೀನಿ," ಎಂದು ಕೂಗಿ, ಅಜ್ಜಿಯರ ನಿಧಾನ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದಳು.